ನೆಲ ಕಚ್ಚುವ ಗಾಲಿ

ಕನ್ನಡದಲ್ಲಿ ‘ನೆಲ ಕಚ್ಚಿತು’ ಎಂದರೆ ಸೋತಿತು ಎಂದು ಅರ್ಥ. ಬಿರುಗಾಳಿಗೆ ಬೆಳೆ ನೆಲ ಕಚ್ಚುತ್ತದೆ, ಲೆಕ್ಕ ತಪ್ಪಿದ ವ್ಯಾಪಾರ ನೆಲ ಕಚ್ಚುತ್ತದೆ. ಆದರೆ ನೆಲ ಕಚ್ಚಿದರೆ ಮಾತ್ರ ಗೆಲ್ಲುವ ವಸ್ತುವೊಂದು ಲೋಕದಲ್ಲಿದೆ. ಅದು ಕೆಸರು, ಮರಳು, ಕಲ್ಲುಗುಡ್ಡಗಳ ಮೇಲೆ ಓಡಬೇಕಾದ ಮೋಟಾರ್ ಸೈಕಲ್ಲಿನ ಗಾಲಿ. ನಾವು ನೀವು ಕಚೇರಿಗೆ ಹೋಗುವ ಸ್ಕೂಟರಿನ ಟೈರಿಗೂ ಇದಕ್ಕೂ ಇರುವ ಭೇದವನ್ನು ಕಾಣಲು ತಜ್ಞರ ಕಣ್ಣು ಬೇಕಿಲ್ಲ. ಸ್ಕೂಟರಿನ ಟೈರಿನ ಮೇಲೆ ಒಂದಷ್ಟು ಗೀರುಗಳಿದ್ದರೆ, ಇದರ ಮೈತುಂಬ ಬೆರಳ ತುದಿಯ ಗಾತ್ರದ ರಬ್ಬರಿನ ಗುಬುಟುಗಳು. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ‘ಬಟನ್ ಟೈರು’ ಎಂದು ಹೆಸರು.

ಈ ಗುಬುಟುಗಳು ಗಾಲಿಯ ಮೇಲೆ ಬಂದದ್ದು ಹೇಗೆ? ಅವು ಇಷ್ಟು ಎತ್ತರವಿರಬೇಕು, ಒಂದರಿಂದೊಂದು ಇಷ್ಟು ದೂರವಿರಬೇಕು ಎಂದು ನಿಶ್ಚಯಿಸಿದವರು ಯಾರು? ನೋಡುವುದಕ್ಕೆ ಸಣ್ಣ ಪ್ರಶ್ನೆಗಳು. ಆದರೆ ಇವುಗಳ ಬೆನ್ನು ಹತ್ತಿ ಹೋದರೆ ದನದ ವೈದ್ಯನೊಬ್ಬನ ಮನೆಯಿಂದ ಹೊರಟು ಚಂದ್ರಲೋಕದವರೆಗೆ ಹೋಗಬೇಕಾಗುತ್ತದೆ. ಕಚ್ಚಿಸಿಕೊಂಡ ನೆಲದ ಕಡೆಯ ವಾದವನ್ನೂ ಕೇಳಬೇಕಾಗುತ್ತದೆ.

ಬೋಳು ಗಾಲಿಯ ಕಾಲ

ಗಾಳಿ ತುಂಬಿದ ಟೈರನ್ನು ಮೊದಲು ಕಲ್ಪಿಸಿಕೊಂಡವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಟಾಮ್ಸನ್. ೧೮೪೫ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದಾಗ ಆತನಿಗೆ ಇಪ್ಪತ್ಮೂರು ವರ್ಷ. ಲಂಡನ್ನಿನ ರೀಜೆಂಟ್ಸ್ ಉದ್ಯಾನದಲ್ಲಿ ಕುದುರೆಗಾಡಿಗಳಿಗೆ ಅದನ್ನು ಕಟ್ಟಿ ಓಡಿಸಿಯೂ ತೋರಿಸಿದ. ಜನ ಮೆಚ್ಚಿದರು, ಆಮೇಲೆ ಮರೆತರು. ನಲವತ್ತು ವರ್ಷಗಳಾದ ಮೇಲೆ, ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕದಿರಲೆಂದು ಅದೇ ಉಪಾಯವನ್ನು ಹೊಸದಾಗಿ ಕಂಡುಕೊಂಡ. ೧೮೮೮ರಲ್ಲಿ ಅವನಿಗೂ ಹಕ್ಕುಪತ್ರ ಸಿಕ್ಕಿತು. ಟಾಮ್ಸನ್ನನದು ಮೊದಲೇ ಇದ್ದುದರಿಂದ ಸ್ವಲ್ಪ ಕಾಲದಲ್ಲಿಯೇ ಅದು ಅಸಿಂಧುವಾಯಿತು. ಆದರೂ ಲೋಕ ನೆನಪಿಟ್ಟುಕೊಂಡದ್ದು ಡನ್‌ಲಪ್ಪನ ಹೆಸರನ್ನೇ.

ಇವರಿಬ್ಬರ ಚಿಂತೆಯೂ ಕುಲುಕಾಟದ್ದು. ಹಿಡಿತದ ಯೋಚನೆ ಇಬ್ಬರಿಗೂ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಎತ್ತಿನ ಗಾಡಿಯಾಗಲಿ ಕುದುರೆಯ ಸಾರೋಟಾಗಲಿ, ನೆಲವನ್ನು ಒತ್ತಿ ಹಿಡಿದು ಮುಂದೆ ಹೋಗುವುದು ಪ್ರಾಣಿಯ ಗೊರಸು. ಗಾಲಿ ಅದರ ಹಿಂದೆ ಸುಮ್ಮನೆ ಉರುಳುತ್ತದೆ. ಎಷ್ಟು ನುಣ್ಣಗಿದ್ದರೆ ಅಷ್ಟು ಒಳ್ಳೆಯದು. ಏರಿನಲ್ಲಿ ಜಾರದಿರಲೆಂದು ನಮ್ಮವರು ಲಾಳ ಕಟ್ಟಿಸಿದ್ದು ಎತ್ತಿನ ಕಾಲಿಗೆ.

೧೮೮೫ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಎರಡು ಗಾಲಿಯ ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಕೂಡಿಸಿದಾಗ ಈ ಏರ್ಪಾಡು ತಲೆಕೆಳಗಾಯಿತು. ಮುಂದೆ ಎಳೆಯುವ ಪ್ರಾಣಿ ಇಲ್ಲ. ಗಾಲಿಯೇ ನೆಲವನ್ನು ಹಿಂದಕ್ಕೆ ನೂಕಿ ಮುಂದೆ ಹೋಗಬೇಕು. ಗೊರಸು ಮಾಡುತ್ತಿದ್ದ ಕೆಲಸ ಗಾಲಿಯ ಪಾಲಿಗೆ ಬಂತು. ಗೊರಸಿನ ಕೆಲಸ ಬಂದ ಮೇಲೆ ಇಂದಲ್ಲ ನಾಳೆ ಲಾಳವೂ ಬರಲೇಬೇಕಷ್ಟೆ! ಆದರೆ ಡೈಮ್ಲರನ ಗಾಡಿಗಿದ್ದದ್ದು ಕಬ್ಬಿಣದ ಪಟ್ಟಿ ಬಡಿದ ಮರದ ಚಕ್ರ. ಅನಂತರ ಬಂದ ರಬ್ಬರ್ ಟೈರುಗಳೂ ಬಹುಕಾಲ ಬೋಳಾಗಿಯೇ ಇದ್ದವು.

ಮಳೆ ಬಿದ್ದ ರಸ್ತೆಯಲ್ಲಿ ಬೋಳು ಟೈರು ಜಾರುವುದನ್ನು ಕಂಡು ಮೊದಮೊದಲು ಮಾಡಿದ ಉಪಾಯ ಲಾಳದ್ದೇ ತಮ್ಮನಂತಿತ್ತು. ಉಕ್ಕಿನ ಮೊಳೆಗಳನ್ನು ಹೊಡೆದ ತೊಗಲಿನ ಪಟ್ಟಿಯನ್ನು ಟೈರಿಗೆ ಹೊದಿಸುತ್ತಿದ್ದರು. ೧೯೦೪ರಲ್ಲಿ ಜರ್ಮನಿಯ ಕಾಂಟಿನೆಂಟಲ್ ಕಂಪನಿ ರಬ್ಬರಿನ ಮೈಮೇಲೆಯೇ ಅಚ್ಚು ಮೂಡಿಸಿದ ಮೋಟಾರು ಟೈರನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ವರ್ಷಗಳ ಅನಂತರ ಅಮೆರಿಕದ ಫೈರ್‌ಸ್ಟೋನ್ ಕಂಪನಿ ಮಾಡಿದ್ದು ಇನ್ನೂ ಸ್ವಾರಸ್ಯವಾಗಿದೆ. ಟೈರಿಗೆ ಹಲ್ಲು ಬೇಕು, ಕಂಪನಿಗೆ ಜಾಹೀರಾತು ಬೇಕು. ಎರಡನ್ನೂ ಒಟ್ಟಿಗೆ ಸಾಧಿಸಲೆಂದು ‘ನಾನ್ ಸ್ಕಿಡ್’ — ಜಾರುವುದಿಲ್ಲ — ಎಂಬ ಅಕ್ಷರಗಳನ್ನೇ ಉಬ್ಬಾಗಿ, ಓರೆಯಾಗಿ ಟೈರಿನ ಸುತ್ತ ಎರಕ ಹೊಯ್ದರು. ಅಕ್ಷರದ ಅಂಚುಗಳೇ ಹಲ್ಲುಗಳು! ಗಾಡಿ ಮಣ್ಣುರಸ್ತೆಯಲ್ಲಿ ಹೋದ ದಾರಿಯುದ್ದಕ್ಕೂ ಅಕ್ಷರಾಭ್ಯಾಸವಾಗುತ್ತಿತ್ತು.

ಹಲ್ಲು ಮೂಡಿದರೆ ಸಾಲದು, ಅದು ಉದುರಬಾರದು. ಬರಿಯ ರಬ್ಬರು ಬೆಳ್ಳಗೆ, ಮೆತ್ತಗೆ ಇದ್ದು ಬೇಗ ಸವೆಯುತ್ತಿತ್ತು. ಅದಕ್ಕೆ ನುಣ್ಣನೆಯ ಇಂಗಾಲದ ಮಸಿಯನ್ನು ಬೆರೆಸಿದರೆ ಬಾಳಿಕೆ ಹಲವು ಪಟ್ಟು ಹೆಚ್ಚುತ್ತದೆಂಬುದು ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಬಳಕೆಗೆ ಬಂತು. ಇಂದು ಲೋಕದ ಟೈರುಗಳೆಲ್ಲ ಕಪ್ಪಾಗಿರುವುದು ಇದರಿಂದಲೇ. ಈ ಮಸಿ ಕೊಟ್ಟ ಗಟ್ಟಿತನವಿಲ್ಲದೆ ಹೋಗಿದ್ದರೆ ಉದ್ದನೆಯ ಗುಬುಟುಗಳು ಮೊದಲ ಕಲ್ಲಿಗೇ ಹರಿದು ಬೀಳುತ್ತಿದ್ದವು.

ಕಾಡುಮೇಡಿನ ಪಂದ್ಯ

ರಸ್ತೆಯ ಟೈರಿಗೂ ಕಾಡಿನ ಟೈರಿಗೂ ದಾರಿ ಬೇರೆಯಾದದ್ದು ಆಟದ ಮೂಲಕ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಆಲ್ಫ್ರೆಡ್ ಸ್ಕಾಟ್ ಎಂಬ ಮೋಟಾರ್ ಸೈಕಲ್ ತಯಾರಕ ೧೯೧೪ರಲ್ಲಿ ತನ್ನ ಕಾರ್ಖಾನೆಯವರಿಗಾಗಿ ಗುಡ್ಡಗಾಡಿನ ಪರೀಕ್ಷೆಯೊಂದನ್ನು ಏರ್ಪಡಿಸಿದ. ಹಳ್ಳ ದಾಟಬೇಕು, ಬಂಡೆ ಏರಬೇಕು. ಕಾಲು ನೆಲಕ್ಕೆ ತಾಗಿದರೆ ಅಂಕ ಹೋಯಿತು. ಇಂಥ ಆಟಕ್ಕೆ ‘ಟ್ರಯಲ್’ ಎಂದು ಹೆಸರು. ದಕ್ಷಿಣ ಇಂಗ್ಲೆಂಡಿನ ಸವಾರರಿಗೂ ಅಂಥದೊಂದು ಪಂದ್ಯ ನಡೆಸುವ ಆಸೆಯಾಯಿತು. ಆದರೆ ಕಾಲೂರಿದ್ದನ್ನು ಎಣಿಸುವ ರಗಳೆ ಬೇಡ, ಯಾರು ಮೊದಲು ಬರುತ್ತಾರೋ ಅವರೇ ಗೆದ್ದರು ಎಂದಿಟ್ಟುಕೊಂಡರು. ಹಾಗಾದರೆ ಅದನ್ನು ಟ್ರಯಲ್ ಎನ್ನಕೂಡದೆಂದು ಕ್ರೀಡಾಮಂಡಳಿ ತಗಾದೆ ತೆಗೆಯಿತು. ‘ಏನಾದರೂ ಹೆಸರಿಡಿ, ಆಗುವುದಂತೂ ದೊಡ್ಡ ಸ್ಕ್ರಾಂಬಲ್ಲೇ’, ಅಂದರೆ ನೂಕುನುಗ್ಗಲೇ, ಎಂದು ಯಾರೋ ಹೇಳಿದರಂತೆ. ಆ ಮಾತೇ ಹೆಸರಾಗಿ ನಿಂತಿತು. ೧೯೨೪ರ ಮಾರ್ಚ್ ೨೯ರಂದು ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನಡೆದ ಆ ಮೊದಲ ನೂಕುನುಗ್ಗಲನ್ನು ಆರ್ಥರ್ ಸ್ಪಾರ್ಕ್ಸ್ ಗೆದ್ದ. ಎರಡನೆಯ ಮಹಾಯುದ್ಧದ ಬಳಿಕ ಇದೇ ಆಟ ಐರೋಪ್ಯ ದೇಶಗಳಲ್ಲಿ ‘ಮೋಟೊಕ್ರಾಸ್’ ಎಂಬ ಹೆಸರಿನಿಂದ ಬೆಳೆಯಿತು. ೧೯೪೭ರಲ್ಲಿ ಹಾಲೆಂಡಿನಲ್ಲಿ ರಾಷ್ಟ್ರ ರಾಷ್ಟ್ರಗಳ ನಡುವಿನ ಪಂದ್ಯ ಮೊದಲಾಯಿತು. ೧೯೫೭ರಲ್ಲಿ ವಿಶ್ವವಿಜೇತ ಪಟ್ಟವೂ ಬಂತು.

ಹೀಗೆ ಒಂದೇ ಮೂಲದಿಂದ ಎರಡು ಆಟಗಳು ಕವಲೊಡೆದವು: ಒಂದು ತಾಳ್ಮೆಯದು, ಇನ್ನೊಂದು ವೇಗದ್ದು. ಟೈರುಗಳೂ ಹಾಗೆಯೇ ಕವಲೊಡೆದವು. ಸ್ಕ್ರಾಂಬಲಿನ ಟೈರಿಗೆ ಎತ್ತರದ, ವಿರಳವಾದ ಗುಬುಟು. ಟ್ರಯಲಿನ ಟೈರಿಗೆ ಗಿಡ್ಡನೆಯ, ಒತ್ತಾದ ಚೌಕ. ಅಂದಿನ ಸವಾರರಲ್ಲಿ ಅನೇಕರು ವಾರವಿಡೀ ಕೆಲಸಕ್ಕೆ ಹೋಗುತ್ತಿದ್ದ ಬಂಡಿಯನ್ನೇ ಭಾನುವಾರ ಪಂದ್ಯಕ್ಕೂ ಒಯ್ಯುತ್ತಿದ್ದರು. ಡನ್‌ಲಪ್ ಕಂಪನಿ ಟ್ರಯಲ್ ಟೈರೊಂದಕ್ಕೆ ‘ಯೂನಿವರ್ಸಲ್’ ಎಂದು, ಎಂದರೆ ಸಾರ್ವತ್ರಿಕವೆಂದು, ಹೆಸರಿಟ್ಟದ್ದರಲ್ಲಿ ರಸ್ತೆಗೂ ಗುಡ್ಡಕ್ಕೂ ಸಲ್ಲುತ್ತದೆ ಎಂಬ ಭರವಸೆ ಇತ್ತು.

ಕೂಲಂಬನ ಲೆಕ್ಕ

ಗುಬುಟು ಹಿಡಿತ ಕೊಡುವುದು ಹೇಗೆ? ಸವಾರರು ಅನುಭವದಿಂದ ಬಲ್ಲದ್ದನ್ನು ವಿವರಿಸುವ ಸೂತ್ರ ಮೋಟಾರು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಸಿದ್ಧವಾಗಿತ್ತು. ಕೂಲಂಬ್ ಎಂಬ ಹೆಸರನ್ನು ನಾವು ವಿದ್ಯುತ್ತಿನ ಪಾಠದಲ್ಲಿ ಕೇಳಿದ್ದೇವೆ. ಆತ ಮೂಲತಃ ಫ್ರಾನ್ಸಿನ ಸೈನ್ಯದ ಎಂಜಿನಿಯರು. ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪದಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿ ಮಣ್ಣಿನ ಸ್ವಭಾವವನ್ನು ಅರಿತು, ೧೭೭೩ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧವೊಂದನ್ನು ಓದಿದ. ಮಣ್ಣು ಜಾರದಂತೆ ತಡೆದುಕೊಳ್ಳುವ ಬಲಕ್ಕೆ ಎರಡು ಮೂಲಗಳುಂಟು ಎಂಬುದು ಅದರ ಸಾರ. ಒಂದು, ಕಣಕಣಗಳ ನಡುವಣ ಅಂಟು. ಎಷ್ಟು ಅಗಲದ ಮಣ್ಣನ್ನು ಕತ್ತರಿಸಬೇಕೋ ಅದರಂತೆ ಇದು ಹೆಚ್ಚುತ್ತದೆ. ಇನ್ನೊಂದು, ಕಣಕಣಗಳ ತಿಕ್ಕಾಟ. ಮೇಲೆ ಎಷ್ಟು ಭಾರ ಬಿದ್ದಿದೆಯೋ ಅದರಂತೆ ಇದು ಹೆಚ್ಚುತ್ತದೆ.

ಗದಗು ರಾಯಚೂರುಗಳ ಎರೆಮಣ್ಣನ್ನು ಮಳೆಗಾಲದಲ್ಲಿ ತುಳಿದವರಿಗೆ ಮೊದಲನೆಯದರ ಅರ್ಥ ಬೇಡವೆಂದರೂ ಆಗುತ್ತದೆ. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಒಂದೊಂದು ಸೇರು ಮಣ್ಣು. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಒಣ ಮರಳಿನಲ್ಲಿ ನಡೆದವರಿಗೆ ಎರಡನೆಯದು ಗೊತ್ತು. ಅಲ್ಲಿ ಅಂಟೆಂಬುದೇ ಇಲ್ಲ. ಉಳಿದ ನೆಲಗಳೆಲ್ಲ ಇವೆರಡರ ನಡುವೆ ಎಲ್ಲೋ ನಿಲ್ಲುತ್ತವೆ.

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಬೆಕ್ಕರ್ ಎಂಬ ವಿಜ್ಞಾನಿ ಈ ಸೂತ್ರವನ್ನು ಗಾಲಿಗೆ ಅನ್ವಯಿಸಿ, ರಸ್ತೆಯಿಲ್ಲದ ನೆಲದ ಮೇಲಿನ ಚಲನೆಯನ್ನು ಒಂದು ಶಾಸ್ತ್ರವನ್ನಾಗಿ ಕಟ್ಟಿ, ೧೯೫೬ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಅದರ ಬೆಳಕಿನಲ್ಲಿ ಗುಬುಟಿನ ಗುಟ್ಟು ತಿಳಿಯಾಗುತ್ತದೆ. ಒದ್ದೆ ಜೇಡಿಯ ಮೇಲೆ ಬೋಳು ಟೈರು ಜಾರುವುದು ರಬ್ಬರಿಗೂ ಮಣ್ಣಿಗೂ ನಡುವೆ ತೆಳ್ಳನೆಯ ಲೋಳೆ ಇರುವುದರಿಂದ. ಗುಬುಟು ಆ ಲೋಳೆಯನ್ನು ತೂರಿ ಕೆಳಗಿನ ಗಟ್ಟಿ ಮಣ್ಣಿನೊಳಕ್ಕೆ ಇಳಿಯುತ್ತದೆ. ಈಗ ಗಾಲಿ ಜಾರಬೇಕಾದರೆ ಗುಬುಟುಗಳ ನಡುವೆ ಸಿಕ್ಕಿಕೊಂಡ ಮಣ್ಣು ಕೆಳಗಿನ ಮಣ್ಣಿನಿಂದ ಕಿತ್ತುಬರಬೇಕು. ರಬ್ಬರಿಗೂ ನೆಲಕ್ಕೂ ಇದ್ದ ಜಗಳವನ್ನು ಗುಬುಟು ಮಣ್ಣಿಗೂ ಮಣ್ಣಿಗೂ ತಂದಿಡುತ್ತದೆ!

ಬೆಕ್ಕರನ ಶಾಸ್ತ್ರ ಎಲ್ಲಿಗೆ ಹೋಯಿತೆಂಬುದನ್ನೂ ಹೇಳಬೇಕು. ೧೯೭೧ರಲ್ಲಿ ಅಪೊಲೊ ೧೫ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಯ ರಚನೆಯಲ್ಲಿ ಅವನ ಕೈವಾಡವಿತ್ತು. ಅದಕ್ಕೆ ರಬ್ಬರೂ ಇಲ್ಲ, ಗಾಳಿಯೂ ಇಲ್ಲ. ಉಕ್ಕಿನ ತಂತಿಯಿಂದ ಹೆಣೆದ ಜಾಲರಿಯ ಗಾಲಿ. ಅದರ ಮೇಲೆ ಬಾಣದ ಮೊನೆಯ ಆಕಾರದಲ್ಲಿ ಟೈಟೇನಿಯಂ ಪಟ್ಟಿಗಳು, ನೆಲಕ್ಕೆ ತಾಗುವ ಮೈಯಲ್ಲಿ ಸರಿಯಾಗಿ ಅರ್ಧ ಭಾಗ ಮುಚ್ಚುವಷ್ಟು. ಪೂರ್ತಿ ಮುಚ್ಚಿದ್ದರೆ ಬೋಳಾಗುತ್ತಿತ್ತು. ಬಿಟ್ಟೇಬಿಟ್ಟಿದ್ದರೆ ಧೂಳಿನಲ್ಲಿ ಹೂತುಹೋಗುತ್ತಿತ್ತು.

ನೆಲಕ್ಕೆ ತಕ್ಕ ಹಲ್ಲು

ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎಂಬ ಈ ಪ್ರಶ್ನೆಯೇ ಬಟನ್ ಟೈರಿನ ಇಡೀ ಶಿಲ್ಪ. ಗುಬುಟುಗಳು ಹತ್ತಿರವಿದ್ದರೆ ನಡುವಣ ಸಂದಿಯಲ್ಲಿ ಕೆಸರು ಮೆತ್ತಿಕೊಂಡು ಟೈರು ಮತ್ತೆ ಬೋಳಾಗುತ್ತದೆ. ದೂರವಿದ್ದರೆ ಗಾಲಿ ತಿರುಗುವ ರಭಸಕ್ಕೆ ಕೆಸರು ಸಿಡಿದುಹೋಗಿ ಹಲ್ಲು ತಾನೇ ತೊಳೆದುಕೊಳ್ಳುತ್ತದೆ. ಆದ್ದರಿಂದ ಮೆತ್ತನೆಯ ನೆಲಕ್ಕೆ ಎತ್ತರದ, ವಿರಳವಾದ ಹಲ್ಲು. ಗಟ್ಟಿ ನೆಲದಲ್ಲಿ ಹಲ್ಲು ಇಳಿಯುವುದೇ ಇಲ್ಲ. ಅಲ್ಲಿ ಎತ್ತರದ ಗುಬುಟು ಬಾಗಿ ಬಳುಕಿ ಹರಿಯುತ್ತದೆ. ಅದಕ್ಕಾಗಿ ಗಿಡ್ಡನೆಯ, ಒತ್ತಾದ, ಮೆದು ರಬ್ಬರಿನ ಹಲ್ಲು. ಬರಿಯ ಮರಳಿಗೆ ಇವೆರಡೂ ಅಲ್ಲ. ದೋಣಿಯ ಹುಟ್ಟಿನಂತೆ ಅಡ್ಡಡ್ಡಲಾಗಿ ಎದ್ದ ರಬ್ಬರಿನ ಏಣುಗಳು.

ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಕೆಲಸ ಬೇರೆ. ಹಿಂದಿನದು ನೂಕಬೇಕು, ಆದ್ದರಿಂದ ಅದರ ಗುಬುಟುಗಳು ಸಲಿಕೆಯಂತೆ ಅಗಲ. ಮುಂದಿನದು ದಾರಿ ಹಿಡಿಯಬೇಕು, ಬ್ರೇಕು ಹಾಕಿದಾಗ ತಡೆಯಬೇಕು. ಅದರ ಅಂಚಿನ ಗುಬುಟುಗಳು ತಿರುವಿನಲ್ಲಿ ಬಂಡಿಯನ್ನು ಹೊರಳದಂತೆ ಹಿಡಿಯುತ್ತವೆ. ಹಿಂದಿನ ಗುಬುಟಿನ ಮುಂದಣ ಅಂಚು ಮೊದಲು ಸವೆದು ದುಂಡಗಾಗುತ್ತದೆ. ಮಿತವ್ಯಯದ ಸವಾರರು ಟೈರನ್ನು ಬಿಚ್ಚಿ ತಿರುಗುಮುರುಗಾಗಿ ಹಾಕಿ ಇನ್ನೊಂದು ಅಂಚಿನಿಂದ ಮತ್ತಷ್ಟು ದಿನ ದುಡಿಸಿಕೊಳ್ಳುತ್ತಾರೆ. ದೋಸೆ ಮಗುಚಿ ಹಾಕುವ ನಮ್ಮ ಮನೆಗಳಲ್ಲಿ ಈ ಉಪಾಯಕ್ಕೆ ವಿವರಣೆ ಬೇಕಾಗಲಾರದು.

ಹಲ್ಲಿನಷ್ಟೇ ಮುಖ್ಯವಾದದ್ದು ಒಳಗಿನ ಗಾಳಿ. ರಸ್ತೆಯ ಬಂಡಿಗೆ ಸುಮಾರು ೩೦ ಪೌಂಡು ಗಾಳಿ ಹಾಕಿಸುತ್ತೇವೆ. ಮೋಟೊಕ್ರಾಸಿನವರು ಇಟ್ಟುಕೊಳ್ಳುವುದು ೧೨ರಿಂದ ೧೫; ಟ್ರಯಲಿನವರು ಹಿಂದಿನ ಗಾಲಿಯಲ್ಲಿ ನಾಲ್ಕೈದೇ ಪೌಂಡು. ಗಾಲಿಯ ಮೇಲೆ ೧೦೦ ಕಿಲೋ, ಎಂದರೆ ೨೨೦ ಪೌಂಡು ಭಾರವಿದೆ ಎನ್ನೋಣ. ಚದರ ಅಂಗುಲಕ್ಕೆ ೩೦ ಪೌಂಡು ಒತ್ತಡವಿದ್ದರೆ ನೆಲಕ್ಕೆ ತಾಗುವುದು ಏಳು ಚದರ ಅಂಗುಲ. ಐದೇ ಪೌಂಡು ಇದ್ದರೆ ನಲವತ್ತನಾಲ್ಕು. ಟೈರಿನ ಮೈಯ ಬಿಗಿತದಿಂದ ವಾಸ್ತವದಲ್ಲಿ ಇಷ್ಟು ದೊರೆಯದಿದ್ದರೂ ಭೇದ ದೊಡ್ಡದೇ. ಇಷ್ಟು ಕಡಮೆ ಗಾಳಿಯಲ್ಲಿ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಬಾಯಿ ಕಿತ್ತುಹೋಗದಿರಲೆಂದು ಒಳಗೊಂದು ಹಿಡಿಕೆಯನ್ನೂ ಕೂಡಿಸುತ್ತಾರೆ.

೧೯೭೮ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಆಫ್ರಿಕದ ಡಕಾರಿಗೆ ಹೊರಟ ಮೊದಲ ರ‍್ಯಾಲಿ ಟೈರಿನವರಿಗೆ ಇನ್ನೊಂದು ಸಮಸ್ಯೆ ಒಡ್ಡಿತು. ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಮರಳು, ಸಂಜೆ ಗಟ್ಟಿ ರಸ್ತೆ. ಟೈರು ಮಾತ್ರ ಒಂದೇ. ಈ ರ‍್ಯಾಲಿ ದಕ್ಷಿಣ ಅಮೆರಿಕಕ್ಕೆ ಸ್ಥಳಾಂತರಗೊಂಡಿದ್ದ ಕಾಲದಲ್ಲಿ, ೨೦೧೫ರಲ್ಲಿ, ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಅದನ್ನು ಪೂರೈಸಿದ ಮೊದಲ ಭಾರತೀಯರಾದರು. ಅವರ ಸ್ಥಾನ ಮೂವತ್ತಾರನೆಯದು. ಅಂಥ ಪಂದ್ಯದಲ್ಲಿ ಟೈರನ್ನು ಸಂಜೆಯವರೆಗೆ ಉಳಿಸಿಕೊಳ್ಳುವುದೂ ಒಂದು ಗೆಲುವೇ ಸರಿ.

ನೆಲದ ಕಡೆಯ ವಾದ

ಇಲ್ಲಿಯವರೆಗೆ ಗಾಲಿಯ ಪರವಾಗಿ ಮಾತನಾಡಿದ್ದಾಯಿತು. ಗುಬುಟು ಹಿಡಿಯುವುದು ಮಣ್ಣು ತಡೆಯುವುದರಿಂದ. ಆದರೆ ಸವಾರ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದರೆ? ಮಣ್ಣು ಸೋಲುತ್ತದೆ. ಗಾಲಿ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಪ್ರತಿಯೊಂದು ಗುಬುಟೂ ಒಂದೊಂದು ಸಲಿಕೆಯಾಗಿ ನೆಲವನ್ನು ಅಗೆದು ಹಿಂದಕ್ಕೆ ಎಸೆಯುತ್ತದೆ. ಒಂದು ಬಂಡಿ ಮಾಡಿದ ಗೀರಿನಲ್ಲಿ ಹತ್ತು ಬಂಡಿಗಳು ಹೋದರೆ ಅದು ಕಾಲುವೆ. ಇಳಿಜಾರಿನಲ್ಲಿ ಮೊದಲ ಮಳೆ ಆ ಕಾಲುವೆಯನ್ನು ಹಿಡಿದು ಇಳಿದು ಅದನ್ನು ಕೊರಕಲು ಮಾಡುತ್ತದೆ. ಗುಡ್ಡದ ಮೇಲ್ಮಣ್ಣು ಹಳ್ಳ ಸೇರುತ್ತದೆ.

ಮರುಭೂಮಿಯಲ್ಲಂತೂ ಈ ಗಾಯ ಬೇಗ ಮಾಯುವುದಿಲ್ಲ. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ ೧೯೪೨ರಲ್ಲಿ ಜನರಲ್ ಪ್ಯಾಟನ್ ಅಮೆರಿಕದ ಸೈನ್ಯಕ್ಕೆ ತರಬೇತಿನ ನೆಲೆ ಸ್ಥಾಪಿಸಿದ. ಅಲ್ಲಿ ಓಡಾಡಿದ ಟ್ಯಾಂಕುಗಳ ಜಾಡು ಹಲವು ದಶಕಗಳಾದರೂ ಅಳಿಯಲಿಲ್ಲ. ಅಲ್ಲಿನ ನೆಲದ ಮೇಲೆ ಸಣ್ಣ ಹರಳುಗಳದೂ ಕಣ್ಣಿಗೆ ಕಾಣದ ಜೀವಿಗಳದೂ ತೆಳುವಾದ ಹೆಪ್ಪಿದೆ. ಅದು ಒಡೆದರೆ ಗಾಳಿ ಮಣ್ಣನ್ನು ಹೊತ್ತೊಯ್ಯುತ್ತದೆ. ಅದೇ ಮರುಭೂಮಿಯಲ್ಲಿ ೧೯೬೭ರಿಂದ ಬಾರ್ಸ್ಟೋ ಊರಿನಿಂದ ಲಾಸ್ ವೇಗಾಸಿನವರೆಗೆ ಮೋಟಾರ್ ಸೈಕಲ್ಲುಗಳ ಪಂದ್ಯ ನಡೆಯುತ್ತಿತ್ತು. ನೂರಾರು ಸವಾರರು ಸಾಲಾಗಿ ನಿಂತು ಒಮ್ಮೆಲೇ ನುಗ್ಗುವ ಪಂದ್ಯ. ೧೯೭೨ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳ ಸಂಚಾರಕ್ಕೆ ಕಟ್ಟುಪಾಡು ಬೇಕೆಂದು ಆಜ್ಞೆ ಹೊರಡಿಸಿದ. ೧೯೭೪ರ ಪಂದ್ಯದ ಬಳಿಕ ಭೂಮಿಯ ಇಲಾಖೆ ಅನುಮತಿ ನಿರಾಕರಿಸಿತು. ೧೯೮೩ರಲ್ಲಿ ಮರಳಿ ಆರಂಭವಾದ ಪಂದ್ಯ ೧೯೮೯ರಲ್ಲಿ ನಿಂತೇಹೋಯಿತು. ಮರುವರ್ಷ ಅಲ್ಲಿಯ ಮರುಭೂಮಿಯ ಆಮೆ ರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿತು.

ಹಲ್ಲು ಇರಬೇಕಾದ ಜಾಗದಲ್ಲಿರಬೇಕು ಎಂಬುದು ನಮ್ಮ ರೈತರಿಗೆ ಹೊಸ ಮಾತಲ್ಲ. ಭತ್ತದ ಗದ್ದೆಯ ಕೆಸರಿಗೆ ಟ್ರಾಕ್ಟರಿಗೆ ಕಬ್ಬಿಣದ ಕೇಜ್ ವೀಲು ಹಾಕುತ್ತಾರೆ. ಗದ್ದೆಯಲ್ಲಿ ಅದಿಲ್ಲದೆ ಕೆಲಸ ಸಾಗದು. ಅದೇ ಗಾಲಿಯನ್ನು ಟಾರು ರಸ್ತೆಯ ಮೇಲೆ ಓಡಿಸಿದರೆ ರಸ್ತೆ ಹೋಳುಹೋಳಾಗುತ್ತದೆ. ಓಡಿಸಕೂಡದೆಂದು ನಮ್ಮ ಜಿಲ್ಲೆಗಳ ಅಧಿಕಾರಿಗಳು ಮತ್ತೆ ಮತ್ತೆ ಎಚ್ಚರಿಸುವುದೂ, ಜನ ಮತ್ತೆ ಮತ್ತೆ ಓಡಿಸುವುದೂ ಪತ್ರಿಕೆ ಓದುವವರಿಗೆ ಗೊತ್ತಿದ್ದದ್ದೇ.

ಮೋಟಾರ್ ಸೈಕಲ್ ಕ್ರೀಡೆಯ ಹಿರಿಯರು ತಮ್ಮ ಹಲ್ಲಿಗೆ ತಾವೇ ಕಡಿವಾಣ ಹಾಕಿಕೊಂಡದ್ದು ಈ ಚರಿತ್ರೆಯಲ್ಲಿ ಮೆಚ್ಚಬೇಕಾದ ಅಧ್ಯಾಯ. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ನಿಯಮದಂತೆ ಟ್ರಯಲಿನ ಟೈರಿನ ಗುಬುಟು ೧೩ ಮಿಲಿಮೀಟರಿಗಿಂತ, ಎಂದರೆ ಸುಮಾರು ಅರ್ಧ ಅಂಗುಲಕ್ಕಿಂತ, ಎತ್ತರವಿರಕೂಡದು. ಗುಬುಟುಗಳ ನಡುವಣ ಸಂದಿಗೂ ಹೀಗೆಯೇ ಮಿತಿಯುಂಟು. ಊರ ರಸ್ತೆ, ಕಾಡುದಾರಿ ಎರಡರಲ್ಲೂ ಸಾಗುವ ಎಂಡ್ಯುರೊ ಪಂದ್ಯಗಳಿಗೂ ಅದೇ ೧೩ ಮಿಲಿಮೀಟರು.

ಹಲ್ಲು ಗಿಡ್ಡವಾಯಿತೆಂದು ಹಿಡಿತ ಕಡಮೆಯಾಯಿತೇ? ಇಲ್ಲಿಯೇ ಇರುವುದು ಸೋಜಿಗ. ಎತ್ತರದ ಹಲ್ಲಿನ ಆಸೆ ಬಿಟ್ಟ ಮೇಲೆ ಟೈರು ಮಾಡುವವರು ರಬ್ಬರಿನ ಮೆದುತನವನ್ನೂ ಟೈರಿನ ಪಕ್ಕೆಯ ಬಳುಕನ್ನೂ ತಿದ್ದತೊಡಗಿದರು. ಇಂದು ಟ್ರಯಲಿನ ಗಾಲಿ ಒದ್ದೆ ಬಂಡೆಯ ಮೇಲೆ ಅಂಗೈಯಂತೆ ಹರಡಿ, ಮೋಟೊಕ್ರಾಸಿನ ಉದ್ದ ಹಲ್ಲಿನ ಗಾಲಿ ಜಾರಿ ಬೀಳುವ ಕಡೆ ಸಲೀಸಾಗಿ ಹತ್ತಿಹೋಗುತ್ತದೆ. ಅದು ಹತ್ತಿದ ಮೇಲೆ ಬಂಡೆಯ ಹಾವಸೆಯ ಮೇಲೆ ಒಂದು ಮಸುಕು ಗೆರೆಯಷ್ಟೇ ಉಳಿಯುತ್ತದೆ.

ಇದರಲ್ಲಿ ಸವಾರನ ಪಾಲೂ ಇದೆ. ಗಾಲಿ ಜಾರದೆ ಉರುಳುವಷ್ಟು ಹೊತ್ತೂ ನೆಲಕ್ಕೆ ಹಾನಿ ಅಲ್ಪ. ಅದು ಸುತ್ತತೊಡಗಿದ ಕ್ಷಣದಿಂದ ಸವಾರನಿಗೂ ನಷ್ಟ, ನೆಲಕ್ಕೂ ನಷ್ಟ. ಕೂಲಂಬನ ಲೆಕ್ಕದಲ್ಲಿ ಇಬ್ಬರ ಹಿತವೂ ಒಂದೇ ಕಡೆ ಇದೆ. ಈಚಿನ ವರ್ಷಗಳಲ್ಲಿ ನಮ್ಮ ಘಟ್ಟಗಳ ಗುಡ್ಡದಾರಿಗಳಿಗೂ ಬಟನ್ ಟೈರಿನ ಬಂಡಿಗಳು ರಜಾದಿನಗಳಲ್ಲಿ ಹೊರಡುತ್ತವೆ. ಹೊರಡುವ ಯುವಕರು ಟೈರನ್ನು ಕೊಳ್ಳುವಾಗ ಅಂಗಡಿಯವನನ್ನು ಅದರ ಹಲ್ಲು ಎಷ್ಟು ಉದ್ದವೆಂದು ಕೇಳುವುದುಂಟು. ಹೋಗಲಿರುವ ದಾರಿಯ ಮಣ್ಣು ಎಂಥದೆಂದು ತಮ್ಮನ್ನೇ ಒಮ್ಮೆ ಕೇಳಿಕೊಂಡರೆ ಟೈರಿಗೂ ಒಳ್ಳೆಯದು, ಮುಂದಿನ ಮಳೆಗಾಲದಲ್ಲಿ ಆ ದಾರಿಯಲ್ಲಿ ನಡೆಯಬೇಕಾದವರಿಗೂ ಒಳ್ಳೆಯದು.